ಇಸ್ತ್ರಿಯವಳ ಅಂಗೈ

ಡಾಕ್ಟರ ಕಾಲರಿನ ಎಡತುದಿಗೆ ಇಸ್ತ್ರಿ ಸರಿಯಾಗಿ ಬಿದ್ದಿಲ್ಲ, ಯಾರೋ ಅವಸರದಲ್ಲಿ ಒತ್ತಿ ಕೈತೊಳೆದುಕೊಂಡಿದ್ದಾರೆ, ತನ್ನ ಅಂಗಡಿಯಿಂದ ಇಂಥ ಅಂಗಿ ಹೊರಗೆ ಹೋಗುತ್ತಿರಲಿಲ್ಲ ಎಂದು ಅಕ್ಕ ನೋಡುತ್ತಲೇ ಇದ್ದಾಳೆ, ಆಸ್ಪತ್ರೆಯ ಕಾರಿಡಾರಿನ ಗೋಡೆಗೆ ಬೆನ್ನು ಕೊಟ್ಟು, ಕಾಲರು ಅಲ್ಲಾಡುತ್ತಿದೆ ಎಂದರೆ ಅವರು ಇನ್ನೂ ಮಾತಾಡುತ್ತಿದ್ದಾರೆ, ಏನಂದ್ರಿ, ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ನಿಮ್ಮ ತಂಗಿಯ ರಕ್ತದ ಕಾಯಿಲೆಗೆ ಅಂತ ನೀವು ನಿಮ್ಮ ರಕ್ತದಿಂದ ಸ್ಟೆಮ್ ಸೆಲ್ ಕೊಟ್ರಲ್ಲಮ್ಮ, ಅದರಿಂದ ಹುಟ್ಟಿದ ಕಣಗಳು ಅವರ ಮೈಯನ್ನೇ ಹೊರಗಿನದು ಅಂದ್ಕೊಂಡು ತಿರುಗಿಬಿದ್ದಿವೆ, ಮೊದಲು ಚರ್ಮ, ಈಗ ಕರುಳು — ತಿರುಗಿಬಿದ್ದಿವೆ, ಯಾವುವು, ತನ್ನವು, ತನ್ನವೇ, ಅಯ್ಯೋ, ಅಂದರೆ ಅವಳನ್ನು ಕೊಲ್ಲುತ್ತಿರುವುದು ಕಾಯಿಲೆಯಲ್ಲ, ತಾನು.

ಅವರ ಅಂಗೈ ಯಾವಾಗಿಂದ ಕೆಂಪಾಗಿತ್ತಮ್ಮ, ಎಂದು ಕೇಳುತ್ತಿದ್ದಾರೆ, ಯಾವಾಗಿಂದ ಎಂದರೆ ಹೋದ ಭಾನುವಾರದಿಂದ, ಅಂಗಡಿಯ ಹಿಂದಿನ ಕೋಣೆಯಲ್ಲಿ, ತಂಗಿಗೆಂದೇ ಉಜ್ಜಿ ತೊಳೆದು ಬಣ್ಣ ಹೊಡೆಸಿದ ಕೋಣೆ, ಬೆಡ್‌ಶೀಟು, ದಿಂಬಿನ ಕವರು, ಟವೆಲು, ಕಾಲುಚೀಲ ಕೂಡ ಎರಡೂ ಮಗ್ಗುಲು ಇಸ್ತ್ರಿ ಎಳೆಸಿಕೊಂಡೇ ಒಳಗೆ ಹೋಗಬೇಕು, ಕ್ರಿಮಿ ಸುಟ್ಟು ಸಾಯಲಿ, ಗಿರಾಕಿಗಳ ಬಟ್ಟೆ ಗುಡ್ಡೆ ಬಿದ್ದರೆ ಬೀಳಲಿ, ತಂಗಿ ಬೋಳುತಲೆ ಸವರಿಕೊಂಡು ಅನ್ನುತ್ತಾಳೆ, ಅಕ್ಕಾ, ನನ್ನೂ ಒಂದ್ಸಲ ಇಸ್ತ್ರಿ ಮಾಡ್ಬಿಡೇ, ಸುಕ್ಕೆಲ್ಲಾ ಹೋಗ್ಲಿ, ಆಮೇಲೆ ಅಂಗೈ ಚಾಚುತ್ತಾಳೆ, ನೋಡು, ಕೆಂಪಗಾಗಿದೆ, ಉರೀತಿದೆ, ಅಕ್ಕ ತನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿಯುತ್ತಾಳೆ, ವರ್ಷಗಟ್ಟಲೆ ಹಬೆಗೆ ಬೆಂದದ್ದು, ಈಗ ದಿನವಿಡೀ ಸೋಪಿಗೆ ಸಿಪ್ಪೆ ಎದ್ದದ್ದು, ಎರಡೂ ಒಂದೇ ಬಣ್ಣ, ನಿನ್ನ ಥರಾನೇ ಕಣೇ ಅನ್ನುತ್ತಾಳೆ ತಂಗಿ, ಇಸ್ತ್ರಿಯವಳ ಕಣ ಒಳಗೆ ಬಿಟ್ಕೊಂಡು ಅಂಗೈ ಬೆಳ್ಳಗಿರ್ಬೇಕು ಅಂದ್ರೆ ಹೇಗಮ್ಮಾ ಅನ್ನುತ್ತಾಳೆ ಅಕ್ಕ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು, ಎಷ್ಟು ಕಾಲವಾಗಿತ್ತು ಆ ಮನೆಯಲ್ಲಿ ನಗು ಕೇಳಿ, ಮೈಮೇಲೆ ಒಂದು ಚುಕ್ಕೆ ಕಂಡ್ರೂ ಫೋನ್ ಮಾಡಿ ಅಂತ ಮನೆಗೆ ಕಳಿಸುವಾಗ ನರ್ಸಮ್ಮ ಬಾಯಿ ಬಡ್ಕೊಂಡಿದ್ದರು, ಮಾಡಲಿಲ್ಲ, ಸೋಪಿನದ್ದು ಕಣೇ ಎಂದು ಮುಲಾಮು ಸವರಿ ಮಲಗಿಸಿದಳು, ತಮಾಷೆಗೆ ಆಡಿದ ಮಾತನ್ನೇ ಡಾಕ್ಟರು ಈಗ ಮುಖ ಗಂಟಿಕ್ಕಿಕೊಂಡು ಹೇಳುತ್ತಿದ್ದಾರೆ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು, ಆದರೆ ಅದಕ್ಕೂ ಮುಂಚೆ, ಹಿತ್ತಲ ನಲ್ಲಿಯ ಹತ್ತಿರ, ತಂಗಿ ವಾಂತಿ ಮಾಡಿಕೊಂಡ ಬೆಡ್‌ಶೀಟನ್ನು ಬೆಳಿಗ್ಗೆಯಿಂದ ಮತ್ತೆ ಮತ್ತೆ ಹಿಂಡಿ ಸೊಂಟ ಬಿದ್ದುಹೋಗಿದ್ದಾಗ, ಬಾಯಿಬಿಟ್ಟಲ್ಲ, ಮನಸ್ಸಿನಲ್ಲೇ, ಆ ಕಡೆಗೋ ಈ ಕಡೆಗೋ ಒಂದ್ಸಲ ಮುಗಿದುಹೋಗ್ಲಿ, ನನ್ನ ಕೈಲಾಗಲ್ಲ — ಯಾರಿಗೂ ಕೇಳಿಸಲಿಲ್ಲ, ಆದರೆ ತಾನು ಅಂದುಕೊಂಡದ್ದು ತನ್ನ ರಕ್ತಕ್ಕೆ ಕೇಳಿಸದೆ ಇರುತ್ತದೆಯೇ, ಥೂ ಹುಚ್ಚಿ, ನಿನ್ನ ಕಣ ತುಂಬಿದ ಚೀಲದಿಂದ ಅವಳ ನರಕ್ಕೆ ಇಳಿದದ್ದು ಎಂದೋ ಇಳಿದಿದೆ, ನೀನು ಅಂದುಕೊಂಡದ್ದು ಮೊನ್ನೆ ಮೊನ್ನೆ, ಗೊತ್ತು, ಗೊತ್ತು, ಆದರೂ, ನಿನ್ನ ರಕ್ತ ಅಲ್ವೇನೇ, ಅವಳನ್ನ ಚೆನ್ನಾಗಿ ನೋಡ್ಕೊಳ್ಳುತ್ತೆ ಅಂದಿದ್ದರು ಅಮ್ಮ ಫೋನಿನಲ್ಲಿ, ನೋಡಿಕೊಂಡಿತಲ್ಲ, ಬೇಲಿಯೇ ಎದ್ದು ಹೊಲ ಮೇಯಿತಲ್ಲ, ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು, ಔಷಧಿ ಶುರು ಮಾಡಿದ್ದೀವಮ್ಮ, ಡಾಕ್ಟರ ದನಿ, ಸ್ವಲ್ಪ ಬೇಗ ಬಂದಿದ್ರೆ ಸುಲಭ ಆಗ್ತಿತ್ತು, ಈಗ ಏನೂ ಹೇಳೋಕಾಗಲ್ಲ, ಒಡಹುಟ್ಟಿದವರದ್ದಾದ್ರೂ ಹೀಗಾಗೋದುಂಟು, ಯಾರ ತಪ್ಪೂ ಅಲ್ಲ, ಯಾರ ತಪ್ಪೂ ಅಲ್ಲವಂತೆ, ಕಾಲರು ತಿರುಗಿತು, ನಡೆದುಹೋಯಿತು.

ಕೈ ತೊಳ್ಕೊಂಡು ಒಳಗೆ ಬನ್ನಿ, ನಿಮ್ಮ ತಂಗಿ ಆಗ್ಲಿಂದ ನಿಮ್ಮನ್ನೇ ಕೇಳ್ತಿದ್ದಾರೆ, ನರ್ಸಮ್ಮ ಬಾಗಿಲು ಎಳೆದುಕೊಂಡು ಹೋದರು, ನಲ್ಲಿ ತಿರುಗಿಸಿದಳು, ಸೋಪು, ಬೆರಳ ಸಂದು, ಉಗುರು, ಮಣಿಕಟ್ಟು, ಇಷ್ಟು ದಿನ ಹೊರಗಿನ ಕೊಳೆ ಒಳಗೆ ಹೋಗದಿರಲಿ ಎಂದು ತೊಳೆದದ್ದು, ಒಳಗೆ ಮೊದಲೇ ಸೇರಿಕೊಂಡವಳನ್ನು ತೊಳೆಯುವುದು ಹೇಗೆ, ತಲೆ ಎತ್ತಿದರೆ ಬಾಗಿಲಿನ ಗಾಜು, ಗಾಜಿನಾಚೆ ಮಂಚ, ದಿಂಬಿಗೊರಗಿದ ತಂಗಿ, ಇವಳನ್ನು ಕಂಡದ್ದೇ ತಡ ಮುಖ ಅರಳಿತು, ಬಿರುಕುಬಿಟ್ಟ ತುಟಿ ಏನೋ ಅನ್ನುತ್ತಿದೆ, ಕೇಳಿಸುವುದಿಲ್ಲ, ಕೇಳಿಸಬೇಕಾಗಿಯೂ ಇಲ್ಲ, ನಿನ್ನ ಥರಾನೇ ಕಣೇ, ನಿನ್ನ ಥರಾನೇ, ಅದೇ ತಮಾಷೆ, ಅವಳಿಗೆ ಇನ್ನೂ ಯಾರೂ ಹೇಳಿಲ್ಲ, ನಗುತ್ತಾ ಅಂಗೈಯನ್ನು ಗಾಜಿನ ಕಡೆಗೆ ಎತ್ತಿ ಹಿಡಿದಿದ್ದಾಳೆ, ತೋರಿಸುತ್ತಿದ್ದಾಳೆ, ಇವಳೂ ತನ್ನದನ್ನು ಎತ್ತಿ ತೋರಿಸಬೇಕು, ಆಟ ಇರುವುದೇ ಹಾಗೆ, ಕೈ ನೀರಿನಿಂದ ಮೇಲೇಳುತ್ತಿಲ್ಲ, ಇಳಿಸೇ, ಇಳಿಸು ಪುಟ್ಟಾ, ಇಳಿಸುತ್ತಿಲ್ಲ, ನೀರು ಹರಿಯುತ್ತಲೇ ಇದೆ, ಗಾಜಿನಾಚೆ ಅಂಗೈ, ಕೆಂಪು, ತನ್ನ ಅಂಗೈ