ಕೈಗೆಟುಕುವ ಕರೆಗಂಟೆ

"ಮುಗೀತಾ?" ಎಂದು ಪರೀಕ್ಷಕಿ ಕೇಳಿದಾಗ ಲೋರ್ನಾ ವಿಟ್ಕೋ ಕೈ ತೊಳೆದು ಒರೆಸಿಕೊಳ್ಳುತ್ತಿದ್ದಳು.

"ಮುಗೀತು."

"ಇನ್ನೊಂದ್ಸಲ ನೋಡ್ಕೊಳ್ತೀರಾ?"

ನೋಡುವುದೇನಿದೆ? ಬಾಗಿಲು ತಟ್ಟಿದ್ದಳು, ಹೆಸರು ಹೇಳಿದ್ದಳು, ಪರದೆ ಎಳೆದಿದ್ದಳು. ರೋಗಿಯಂತೆ ನಟಿಸುತ್ತ ಮಲಗಿದ್ದ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಮಂಚ ತಗ್ಗಿಸಿ, ಪರದೆ ಸರಿಸಿದ್ದಳು. "ಏನೂ ಬಾಕಿ ಇಲ್ಲ," ಎಂದಳು, ಸ್ವಲ್ಪ ಜಂಬದಿಂದಲೇ.

ಪರೀಕ್ಷಕಿ ಪೆನ್ನಿನ ತುದಿಯಿಂದ ಪಕ್ಕದ ಮೇಜು ತೋರಿಸಿದಳು. ನೀರಿನ ಜಗ್ಗಿನ ಹಿಂದೆ, ತನ್ನ ಬಿಳಿ ವೈರನ್ನು ಸುತ್ತಿಕೊಂಡು ಕರೆಗಂಟೆ ಕೂತಿತ್ತು. ಮಂಚದ ಮೇಲಿನವರು ಎಷ್ಟು ಕೈಚಾಚಿದರೂ ಸಿಗದಷ್ಟು ದೂರದಲ್ಲಿ.

"ಗಂಟೆ ಕೈಗೆಟುಕೋ ಹಾಗೆ ಇಡ್ದೆ ಹೊರಟ್ರೆ, ಬೇರೆಲ್ಲ ಸರಿ ಮಾಡಿದ್ರೂ ಫೇಲೇ. ಬೇಜಾರು ಮಾಡ್ಕೋಬೇಡಿ, ತುಂಬಾ ಜನ ಇಲ್ಲೇ ಎಡವೋದು."

ಮಂಚದ ಮೇಲಿದ್ದ ಹುಡುಗಿ ಒಂದು ಕಣ್ಣು ತೆರೆದು, "ಸಾರಿ ರೀ," ಎಂದಳು.

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುವುದು? ಲೋರ್ನಾಗೆ ನಲವತ್ತು ದಾಟಿತ್ತು. ಭೂವಿಜ್ಞಾನದ ಪದವಿ ಮಾಡಿ, ಸುಣ್ಣಕಲ್ಲು ಪರೀಕ್ಷಿಸುವ ಲ್ಯಾಬಿನಲ್ಲಿ ಅರ್ಧ ಆಯಸ್ಸು ಕಳೆದವಳು. ಆ ಲ್ಯಾಬು ಮುಚ್ಚಿತು. ಬೇರೊಂದು ಪದವಿ ಇರುವವರಿಗೆಂದೇ ವರ್ಷ ಚಿಲ್ಲರೆಯಲ್ಲಿ ನರ್ಸಿಂಗ್ ಕಲಿಸಿಬಿಡುವ ಕೋರ್ಸೊಂದು ತಾನಿದ್ದ ಈರಿ ಪಟ್ಟಣದ ಕಾಲೇಜಿನಲ್ಲೇ ಇದೆಯೆಂದು ತಿಳಿದು ಅರ್ಜಿ ಹಾಕಿದಳು. ಬೇಗ ಕಲಿಸುತ್ತಾರೆಂದ ಮಾತ್ರಕ್ಕೆ ಬೇಗ ಸೇರಿಸಿಕೊಳ್ಳುತ್ತಾರೆಯೇ? ಅವಳು ಎಂದೋ ಓದಿದ್ದ ರಸಾಯನಶಾಸ್ತ್ರ ಹಳೆಯದಾಯಿತು, ನಡೆಯುವುದಿಲ್ಲ ಎಂದರು. ಕೋಟಿ ವರ್ಷದ ಕಲ್ಲನ್ನೂ ಎಳೆಯದು ಎನ್ನುವವಳಿಗೆ ಇದು ತಮಾಷೆಯಾಗಿ ಕಂಡಿತು. "ಓದಿಗೂ ಹಾಲಿನ ಡಬ್ಬದ ಥರ ತಾರೀಕು ಹಾಕಿರ್ತಾರಾ?" ಎಂದು ಗಂಡ ಡಗ್ ನಕ್ಕ. ಅವಳು ಮತ್ತೆ ಬೆಂಚಿನಲ್ಲಿ ಕೂತಳು. ರಸಾಯನ, ಅಂಗರಚನೆ, ಸೂಕ್ಷ್ಮಾಣು, ಸಂಖ್ಯಾಶಾಸ್ತ್ರ, ಎಲ್ಲದರಲ್ಲೂ ಅವರು ಕೇಳಿದ ಅಂಕ ತೆಗೆದಳು. ಸೀಟು ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ. ಮೇ ತಿಂಗಳಲ್ಲಿ ತರಗತಿ ಶುರುವಾಗುವ ಮುಂಚೆ ನರ್ಸಿಂಗ್ ಸಹಾಯಕಿಯ ಸರ್ಟಿಫಿಕೇಟು ತಂದು ತೋರಿಸಬೇಕು. ಒಬ್ಬರ ಮೈ ತೊಳೆಸಿ ಬಟ್ಟೆ ಬದಲಿಸಲು ಬಾರದವರು ನರ್ಸಾಗುವುದು ಬೇಡ ಎಂಬುದು ಕಾಲೇಜಿನ ಹಟ.

ಅದೇ ಈಗ ಕೈಕೊಟ್ಟಿತ್ತು. ಮರುಪರೀಕ್ಷೆಗೆ ಮೇ ತಿಂಗಳೊಳಗೆ ಸಿಕ್ಕಿದ್ದು ಏಪ್ರಿಲ್ ಕೊನೆಯ ಶುಕ್ರವಾರ ಒಂದೇ. ಅದೂ ಹೋದರೆ ಅವಳ ಸೀಟು ಇನ್ಯಾರದೋ ಪಾಲು.

"ಎಲ್ಲಾ ಪಾಸು, ಗಂಟೇಲಿ ಫೇಲಾ?" ಎಂದು ಡಗ್ ಆ ಸಂಜೆ ಹುರಿದ ಪರ್ಚ್ ಮೀನಿನ ತಟ್ಟೆ ಮುಂದೆ ಸರಿಸುತ್ತ ಕೇಳಿದ. ಅವನು ನಗರಸಭೆಯ ಹಿಮ ತೆಗೆಯುವ ಲಾರಿ ಓಡಿಸುವವನು, ಮಾತು ಒರಟು, ಮನಸ್ಸು ಮೀನಿನಷ್ಟೇ ಮೆತ್ತಗೆ.

"ನಗ್ಬೇಡ ಡಗ್. ಆ ಹುಡುಗಿ ನಿಜವಾದ ರೋಗಿ ಅಂತ ನಂಗೆ ಅನ್ನಿಸ್ಲೇ ಇಲ್ಲ. ಬಾಯಿಪಾಠ ಒಪ್ಪಿಸಿ ಎದ್ದು ಬಂದೆ."

"ನಿಜವಾದೋರು ಸಿಕ್ಕಿದ್ರೆ ಮರೀತಿರ್ಲಿಲ್ವಾ?"

ಲೋರ್ನಾ ಮೀನಿನ ಮುಳ್ಳು ಬಿಡಿಸತೊಡಗಿದಳು. ಅವಳನ್ನು ಹೆದರಿಸಿದ್ದೂ ಅದೇ ಪ್ರಶ್ನೆ. ಕಲ್ಲಿನ ಜೊತೆ ಇದ್ದು ಇದ್ದು ತನ್ನ ಕೈ ಕಲ್ಲಿಗೇ ಒಗ್ಗಿಹೋಗಿದೆಯೋ ಏನೋ.

ಊರಂಚಿನ ಈರಿ ಸರೋವರದ ದಂಡೆಯ ವೃದ್ಧರ ಆರೈಕೆ ಮನೆಯಲ್ಲಿ ಅವಳು ತರಬೇತಿಯ ಸಹಾಯಕಿಯಾಗಿದ್ದಳು. ಹೊಸಬರನ್ನು ನೋಡಿಕೊಳ್ಳುತ್ತಿದ್ದವಳು ಯೂಲಾ ಎಂಬ ಹಿರಿಯ ನರ್ಸು. ಮರುದಿನ ಯೂಲಾ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಲೋರ್ನಾಳನ್ನು ಕಾರಿಡಾರಿನ ಕೊನೆಯ ಕೋಣೆಗೆ ಕರೆದುಕೊಂಡು ಹೋದಳು. "ಇನ್ಮೇಲೆ ಇವ್ರು ನಿನ್ನ ಪಾಲಿಗೆ. ಬೆಲ್ ಮಾಡೋದ್ರಲ್ಲಿ ಇವ್ರನ್ನ ಮೀರಿಸೋರಿಲ್ಲ," ಎಂದಳು.

ಮಂಚದ ಮೇಲೆ ವೆಸ್ಟಾ ಹಾಲ್ಬರ್ಗ್ ಕೂತಿದ್ದಳು. ತೊಂಬತ್ತಾರರ ಮುದುಕಿ, ಹಗುರ ಮೈ, ಚುರುಕು ಕಣ್ಣು, ಎರಡೂ ಕಿವಿಗೆ ಯಂತ್ರ.

"ಗಂಟೆ ಮರೆತೋಳು ನೀನೇನಾ?"

"ಆಗ್ಲೇ ಸುದ್ದಿ ಬಂತಾ ಮಿಸೆಸ್ ಹಾಲ್ಬರ್ಗ್?"

"ಇಲ್ಲಿ ನಮ್ಗೆ ಬೇರೇನು ಕೆಲಸ ಇದೆ ಹುಡುಗಿ? ಬಾ, ಶುರುಮಾಡು. ತಪ್ಪು ಮಾಡಿದ್ರೆ ಬಿಡೋಳಲ್ಲ ನಾನು."

ಬಿಡಲೂ ಇಲ್ಲ. ಬಾಗಿಲು ಮೆಲ್ಲಗೆ ತಟ್ಟಿದರೆ, "ಇಲಿ ಬಂತೇನೋ ಅಂದ್ಕೊಂಡೆ" ಎನ್ನುವಳು. ಒಳಗಿಂದ ಉತ್ತರ ಬರುವ ಮುಂಚೆ ಕಾಲಿಟ್ಟರೆ ಹೊರಗೆ ಕಳಿಸಿ ಮತ್ತೆ ತಟ್ಟಿಸುವಳು. ಮೈ ಒರೆಸುವ ನೀರು ಆರಿದ್ದರೆ ತಣ್ಣೀರಿನ ಮೀನಿನಂತೆ ಬಾಯಿ ಕಳೆದು ತೋರಿಸುವಳು. ಅವಳ ಬೆರಳಿಗೆ ಗುಂಡಿ ಒತ್ತುವಷ್ಟು ಬಲ ಉಳಿದಿರಲಿಲ್ಲ. ಅದಕ್ಕೇ ಅಂಗೈಯಗಲದ ಮೆತ್ತನೆ ಬಿಲ್ಲೆಯಂಥ ಗಂಟೆ ಕೊಟ್ಟಿದ್ದರು. ಕೈ ಅದರ ಮೇಲೆ ಸುಮ್ಮನೆ ಬಿದ್ದರೂ ಸಾಕು, ಹೊರಗೆ ಟಿಣ್ ಎಂದು ಬಾಗಿಲ ನೆತ್ತಿಯ ದೀಪ ಹತ್ತುತ್ತಿತ್ತು. ಹತ್ತಿದ ದೀಪದ ಕೆಳಗೆ ಯಾರೂ ಸುಮ್ಮನೆ ದಾಟಿಹೋಗಬಾರದು, ದೊಡ್ಡ ಡಾಕ್ಟರಾದರೂ ಸರಿ, ಕಸ ಗುಡಿಸುವವರಾದರೂ ಸರಿ. ಆ ಮನೆಯಲ್ಲಿ ಅದು ಕಟ್ಟಪ್ಪಣೆ.

ಲೋರ್ನಾ ಓಡಿಬಂದರೆ ವೆಸ್ಟಾಗೆ ಬೇಕಾದದ್ದು ಎಷ್ಟೋ ಸಲ ಏನೂ ಇರುತ್ತಿರಲಿಲ್ಲ.

"ಮತ್ಯಾಕೆ ಒತ್ತಿದ್ರಿ?"

"ಯಾರಾದ್ರೂ ಇದ್ದೀರಾ ಅಂತ ನೋಡ್ದೆ." ಆಮೇಲೆ ಅವಳೇ ಹೇಳಿದಳು. "ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಇದ್ದೋಳು, ಗೊತ್ತಾ? ವೈರು ಚುಚ್ಚಿ ಚುಚ್ಚಿ ಲೈನ್ ಕೊಡ್ತಿದ್ದ ಕಾಲ. ಬೋರ್ಡಲ್ಲಿ ಒಂದು ಪುಟಾಣಿ ದೀಪ ಹತ್ತಿದ್ರೆ ಆ ಕಡೆ ಒಬ್ರು ಕಾಯ್ತಿದ್ದಾರೆ ಅಂತ ಅರ್ಥ. ಯಾರು, ಯಾಕೆ, ಅದೆಲ್ಲ ಆಮೇಲೆ. ಮೊದ್ಲು ತೆಗೀಬೇಕು. ತಿಳೀತಾ?"

"ತಿಳೀತು."

"ತಿಳೀಲಿಲ್ಲ. ಗಂಟೆ ಎಲ್ಲಿಟ್ಟೆ ನೋಡು."

ಗಂಟೆ ಹೊದಿಕೆಯ ಮಡಿಕೆಯಲ್ಲಿ ಕಾಲ ಹತ್ತಿರ ಬಿದ್ದಿತ್ತು. ಇಬ್ಬರೂ ನಕ್ಕರು. ನಗುತ್ತ ನಗುತ್ತ ವೆಸ್ಟಾಗೆ ಕೆಮ್ಮು ಹತ್ತಿತು. ಅದು ಬೇಗ ನಿಲ್ಲಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಲೋರ್ನಾ ಬಂದಾಗ ಕೊನೆಯ ಕೋಣೆಯ ಪರದೆ ಎಳೆದಿತ್ತು. ಯೂಲಾ ಒಳಗೆ ಕುರ್ಚಿಯಲ್ಲಿದ್ದಳು. "ಮಗಂಗೆ ಹೇಳಿದೀವಿ. ಅರಿಜೋನದಿಂದ ವಿಮಾನ ಹತ್ತಿದಾನೆ. ಇವ್ರು ಅಲ್ಲೀವರೆಗೆ ಇರೋ ಹಾಗೆ ಕಾಣಲ್ಲ," ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಲೋರ್ನಾ ಕೂತು ವೆಸ್ಟಾಳ ಕೈ ಹಿಡಿದುಕೊಂಡಳು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಇನ್ನು ಬರುವುದಿಲ್ಲವೇನೋ ಎನ್ನುವಾಗ ಎಲ್ಲೋ ದೂರದಿಂದ ನಡೆದುಬಂದ ಹಾಗೆ ಮತ್ತೆ ಬರುತ್ತಿತ್ತು. ಹೃದಯದ ಕವಾಟಗಳ ಹೆಸರನ್ನೆಲ್ಲ ಅವಳು ಇದೇ ವರ್ಷ ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದಿದ್ದಳು. ಆ ಕವಾಟಗಳು ತೊಂಬತ್ತಾರು ವರ್ಷ ಒಂದು ದಿನ ರಜೆ ಕೇಳದೆ ತೆರೆದು ಮುಚ್ಚಿ, ತೆರೆದು ಮುಚ್ಚಿ, ಈ ಬೆರಳ ತುದಿಗಳವರೆಗೆ ಬಿಸುಪು ಕಳಿಸುತ್ತಲೇ ಇದ್ದವಲ್ಲ, ಅದು ಪುಸ್ತಕದಲ್ಲಿ ಇರಲಿಲ್ಲ. ಅವಳ ಮೈ ಜುಮ್ಮೆಂದಿತು. ಕಲ್ಲಿಗೆ ಬೇಕಾದಷ್ಟು ಕಾಲ ಇದೆ, ಸುಮ್ಮನೆ ಬಿದ್ದುಕೊಂಡಿದ್ದರೆ ಸಾಕು. ಇದಕ್ಕೆ ಮಾತ್ರ ಪ್ರತಿ ಸಲವೂ ಹೊಸದಾಗಿ ಬಡಿಯಬೇಕಾಗಿತ್ತು.

ಒಂದು ಉಸಿರು ಹೊರಗೆ ಹೋಯಿತು. ಲೋರ್ನಾ ಮುಂದಿನದಕ್ಕೆ ಕಾದಳು. ಯೂಲಾ ಬಂದು, ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿ, ಅದನ್ನು ಮೆಲ್ಲಗೆ ತೆಗೆದಾಗಲೂ ಅವಳು ಕಾಯುತ್ತಲೇ ಇದ್ದಳು. ಹೆದರಿಕೆಯಾಗಲಿಲ್ಲ. ತುಂಬ ದೊಡ್ಡದೊಂದು ತನ್ನ ಮಗ್ಗುಲಲ್ಲೇ ಹಾದುಹೋಯಿತು, ತಾನು ಅದಕ್ಕೆ ದಾರಿಬಿಟ್ಟು ಕೂತಿದ್ದೆ, ಅಷ್ಟೇ ಅನ್ನಿಸಿತು.

ಯೂಲಾ ಕಿಟಕಿ ತೆರೆದಳು. ಯಾರಾದರೂ ಹೋದಾಗ ಅಲ್ಲಿ ಕಿಟಕಿ ತೆರೆಯುತ್ತಾರೆ. ಸರೋವರದ ಕಡೆಯಿಂದ ತಣ್ಣನೆ ಗಾಳಿ ಬಂತು.

"ನೀನು ಮನೆಗೆ ಹೋಗಿ ಓದ್ಕೋ ಕಣಮ್ಮ, ನಾಳೆ ಪರೀಕ್ಷೆ. ಹೋದೋರನ್ನ ತೊಳೆಯೋದು ನಿನ್ನ ಕಾಲೇಜು ಕೇಳೋದ್ರಲ್ಲಿಲ್ಲ."

"ಇರ್ತೀನಿ."

ಯೂಲಾ ಅವಳ ಮುಖ ನೋಡಿದಳು. "ಹಾಗಾದ್ರೆ ಬಾಗಿಲಿಂದ ಶುರುಮಾಡು."

ಲೋರ್ನಾ ಹೊರಗೆ ಹೋಗಿ ಬಾಗಿಲು ತಟ್ಟಿ ಬಂದಳು. ಪರದೆ ಮತ್ತೆ ಎಳೆದಳು. "ಮಿಸೆಸ್ ಹಾಲ್ಬರ್ಗ್, ನಾನು ಲೋರ್ನಾ. ಈಗ ನಿಮ್ಮ ಮುಖ ಒರೆಸ್ತೀನಿ," ಎಂದಳು. 

"ನೀರು ಬೆಚ್ಚಗಿದ್ಯಾ?" ಎಂದು ಯೂಲಾ ಕೇಳಿದಳು.

ಲೋರ್ನಾ ಮೊಣಕೈ ಅದ್ದಿ ನೋಡಿ, ಹೋಗಿ ಬೇರೆ ನೀರು ತಂದಳು.

ಮುಖ, ಕತ್ತು, ತೋಳು, ಹೊಟ್ಟೆಯ ಮೇಲಿನ ಹಳೆಯ ಹೆರಿಗೆಯ ಗೆರೆಗಳು, ಪಾದ. ಎಡಕ್ಕೆ ಹೊರಳಿಸುವಾಗ, "ಈಗ ಕಿಟಕಿ ಕಡೆ ತಿರುಗಿಸ್ತೀನಿ," ಎಂದು ಹೇಳಿಯೇ ಹೊರಳಿಸಿದಳು. ಕಿವಿಯ ಯಂತ್ರಗಳನ್ನು ತೆಗೆಯಹೋದಾಗ ಯೂಲಾ ತಡೆದಳು. "ಅದು ಇರ್ಲಿ. ಮಗ ಬಂದು ಮಾತಾಡ್ತಾನಲ್ಲ." ಎಲ್ಲ ಮುಗಿಸಿ, ಒಗೆದ ನೀಲಿ ಗೌನು ತೊಡಿಸಿ, ತಲೆ ಬಾಚಿದರು. ಮಂಚ ತಗ್ಗಿಸಿದರು. ಪರದೆ ಸರಿಸಿದರು. ಲೋರ್ನಾ ಕೈ ತೊಳೆದುಕೊಂಡಳು.

ಪರೀಕ್ಷೆಯ ಮಾತನ್ನು ಇಲ್ಲೇ ಹೇಳಿ ಮುಗಿಸಬಹುದು. ಮರುದಿನ ಅವಳು ಪಾಸಾದಳು, ಮೇ ತಿಂಗಳಲ್ಲಿ ಕಾಲೇಜಿಗೂ ಸೇರಿದಳು. ಪರೀಕ್ಷಕಿ ಈ ಸಲ ಪೆನ್ನು ಎತ್ತಿ ಏನನ್ನೂ ತೋರಿಸಬೇಕಾಗಲಿಲ್ಲ.

ಆದರೆ ಆ ಗುರುವಾರ ಅವಳು ಬಾಗಿಲವರೆಗೆ ಹೋದವಳು ನಿಂತಳು. ತಿರುಗಿ ಬಂದಳು. ಪಕ್ಕದ ಮೇಜಿನ ಮೇಲಿದ್ದ ಮೆತ್ತನೆ ಬಿಲ್ಲೆಯನ್ನು ತಂದು, ವೆಸ್ಟಾಳ ಬಲ ಅಂಗೈಯ ಕೆಳಗೆ ಇಟ್ಟು, ವೈರನ್ನು ಹೊದಿಕೆಗೆ ಸಿಕ್ಕಿಸಿದಳು. ತಾನೇನು ಮಾಡಿದೆ ಎಂದು ಹೊಳೆದದ್ದು ಆಮೇಲೆ. ನಾಚಿಕೆಯಿಂದ ಯೂಲಾ ಕಡೆ ನೋಡಿದಳು. ಯೂಲಾ ಬಟ್ಟಲಿನ ನೀರು ಚೆಲ್ಲುತ್ತಿದ್ದವಳು ತಲೆಯೆತ್ತಿ ನೋಡಿದಳು. ತೆಗೆ ಎನ್ನಲಿಲ್ಲ.

ಇಬ್ಬರೂ ಹೊರಗೆ ಬಂದು ಬಾಗಿಲು ಹಾಕಿಕೊಂಡು ನಾಲ್ಕು ಹೆಜ್ಜೆ ಹೋಗಿರಬೇಕು. ಹಿಂದೆ ಟಿಣ್ ಎಂದಿತು. ಲೋರ್ನಾ ತಿರುಗಿದಳು. ಕೊನೆಯ ಕೋಣೆಯ ನೆತ್ತಿಯಲ್ಲಿ ದೀಪ ಹತ್ತಿತ್ತು.

ಕೈ ಸಡಿಲಾಗಿ ಅದರ ಭಾರ ಬಿಲ್ಲೆಯ ಮೇಲೆ ಕೂತಿರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಕಾರಿಡಾರಿನಲ್ಲಿ ಊಟದ ಗಾಡಿ ತಳ್ಳಿಕೊಂಡು ಬರುತ್ತಿದ್ದವಳೂ ದೀಪ ಕಂಡು ಗಾಡಿ ನಿಲ್ಲಿಸಿದಳು. 

"ನಿನ್ನ ಪೇಷೆಂಟು," ಎಂದಳು ಯೂಲಾ, ಬಹಳ ಮೆಲ್ಲಗೆ.

ಲೋರ್ನಾ ಕೈಯಲ್ಲಿದ್ದ ಟವೆಲುಗಳನ್ನು ಅವಳಿಗೆ ಕೊಟ್ಟು ಹಿಂದಕ್ಕೆ ನಡೆದಳು. ದೀಪದ ಕೆಳಗೆ ನಿಂತು ಬಾಗಿಲು ತಟ್ಟಿದಳು, ಇಲಿಯ ಹಾಗಲ್ಲ, ಒಳಗೆ ಕೇಳಿಸುವ ಹಾಗೆ.

"ಮಿಸೆಸ್ ಹಾಲ್ಬರ್ಗ್, ನಾನು ಲೋರ್ನಾ."

ಒಳಗಿಂದ ಉತ್ತರ ಬರಲು ಬೇಕಾಗುವಷ್ಟು ಹೊತ್ತು ಅಲ್ಲೇ ಕಾದಳು. ಆಮೇಲೆ ಬಾಗಿಲು ತೆರೆದು ಒಳಗೆ ಹೋದಳು.