ಕೋಲಾದಲ್ಲಿ ಬೆಂದ ಪಾಲು

ಸುಂದ್ರಮ್ಮ ಟೀಚರು ಸುರಪುರದಲ್ಲಿ ಮಹಡಿ ಮನೆ ಬಾಡಿಗೆ ಹಿಡಿಯುವಾಗ ಹೇಳಿದ್ದು ಒಂದೇ ಸುಳ್ಳು, ನಾವು ಮಾಂಸ ಮುಟ್ಟುವವರಲ್ಲ ಅಂತ. ಮಿಕ್ಕಿದ್ದನ್ನೆಲ್ಲ, ಜಾತಿಯನ್ನೂ, ಕೆಳಗಿನ ಮನೆಯ ಒಡತಿ ಅನ್ನಮ್ಮ ತಾನೇ ಊಹಿಸಿಕೊಂಡಳು, ಟೀಚರು ತಿದ್ದಲಿಲ್ಲ. ಎಂಟು ತಿಂಗಳು ಅವಳ ಪಡಸಾಲೆಯಲ್ಲಿ ಕೂತು ಚಹಾ ಕುಡಿದ ಮೇಲೆ ತಿದ್ದುವ ಧೈರ್ಯವಾದರೂ ಎಲ್ಲಿಂದ ಬರಬೇಕು?

ಆ ಭಾನುವಾರ ದೇವಾಪುರದಿಂದ ಅಪ್ಪ ಮರಿಲಿಂಗಪ್ಪ ಬಂದ. ಕೈಯಲ್ಲಿ ಡಬ್ಬಿ. ಓಣಿಯಲ್ಲಿ ಹಂದಿ ಕೊಯ್ದರೆ ಮನೆಗೊಂದು ಪಾಲು, ಊರು ಬಿಟ್ಟ ಮಗಳಿಗೂ ಒಂದು ಪಾಲು ಎತ್ತಿಡುವುದು ಅಲ್ಲಿಯ ವಾಡಿಕೆ. ಬೇಡವೆಂದರೆ ಇಡೀ ಓಣಿಯನ್ನೇ ಬೇಡವೆಂದಂತೆ. ಕಾಲುವೆ ತೋಡುವಾಗ ಮಣ್ಣು ಹೊತ್ತ ಗಟ್ಟಿ ಆಳಾಗಿದ್ದ ಅಪ್ಪನಿಗೆ ಈಗ ಬಾಯಲ್ಲಿ ನಾಲ್ಕು ಹಲ್ಲು ಇದ್ದರೆ ಹೆಚ್ಚು. ಕೋಲಾದಲ್ಲಿ ಬೇಯಿಸಿದರೆ ಖಂಡ ಮೆತ್ತಗಾಗುತ್ತದೆಂದು ಸುಂದ್ರಮ್ಮ ಫೋನಿನಲ್ಲಿ ನೋಡಿದ್ದಳು. ಬಾಟಲಿ ತಂದು ಕುಕ್ಕರಿಗೆ ಸುರಿದಳು. ಟೊಮ್ಯಾಟೊ ಸಾಸು, ಹುಣಸೆಹುಳಿ, ಬೆಲ್ಲ, ಬ್ಯಾಡಗಿ ಖಾರ, ಬೆಳ್ಳುಳ್ಳಿ ಕೂಡಿಸಿ ರಸ ಮಂದವಾಗುವ ತನಕ ಕುದಿಸಿದಳು. ಕಿಟಕಿ ಹಾಕಿ, ಮೆಲ್ಲಗೆ ಮಾತಾಡೆಂದು ಅಪ್ಪನಿಗೆ ಎರಡು ಸಲ ಹೇಳಿದಳು. ಮುದುಕನಿಗೆ ಅರ್ಥವಾಯಿತು.

ಎರಡು ತುತ್ತು ಉಂಡಿದ್ದನೋ ಇಲ್ಲವೋ, ಅನ್ನಮ್ಮ ಮೆಟ್ಟಿಲೇರಿ ಬಂದಳು. ಸಿಹಿ ವಾಸನೆ ಬಂತು, ಹೋಳಿಗೆಗೆ ಬೆಲ್ಲ ಕಾಯಿಸುತ್ತಿದ್ದೀರೇನು ಎಂದಳು. ಹೌದೆಂದಳು ಸುಂದ್ರಮ್ಮ. ಅನ್ನಮ್ಮನ ಕಣ್ಣು ಮುದುಕನ ಮೇಲೆ ನಿಂತಿತು. ಇವರು ಯಾರು?

ಮರಿಲಿಂಗಪ್ಪ ತಟ್ಟೆಯನ್ನು ಮಂಚದಡಿ ತಳ್ಳಿ ಎದ್ದು ನಿಂತ.

"ಇವರ ಊರಾಂವ್ರಿ, ಅವ್ವಾರ. ಮನಿಗೆಲಸಕ್ಕ ಬಂದೀನಿ."

ಮಗಳು ಸುಮ್ಮನಿದ್ದಳು. ಅಷ್ಟೇ ಅವಳು ಮಾಡಿದ್ದು, ಸುಮ್ಮನಿದ್ದದ್ದು. ಹಾಗಿದ್ದರೆ ನಮ್ಮ ಹಿತ್ತಿಲ ಕಸವನ್ನೂ ಸ್ವಲ್ಪ ಕಿತ್ತುಕೊಡು ಎಂದಳು ಅನ್ನಮ್ಮ. ಅಪ್ಪ ಟವೆಲು ಸುತ್ತಿಕೊಂಡು ಅವಳ ಹಿಂದೆಯೇ ಇಳಿದ.

ಸುಂದ್ರಮ್ಮ ಕುಕ್ಕರಿನ ಮುಂದೆ ಕೂತಳು. ಖಂಡ ಬೆಣ್ಣೆಯಾಗಿ ಬೆಂದಿತ್ತು, ತಿನ್ನದೆ ಮುಚ್ಚಿಟ್ಟಳು. ತನ್ನ ಮೇಲೆ ತನಗೇ ಹೇಸಿಗೆಯಾಗಿ ಮೆಟ್ಟಿಲ ತನಕ ಬಂದಳು. ಕೆಳಗೆ ಬಿಸಿಲಲ್ಲಿ ಅಪ್ಪ ಬಗ್ಗಿ ಕಸ ಕೀಳುತ್ತಿದ್ದ. ನೀರು ಕೇಳಿದ. ಅನ್ನಮ್ಮ ತಂಬಿಗೆ ತಂದು, ತಾಗದಂತೆ ಮೇಲಿನಿಂದ ಸುರಿದಳು. ಅಪ್ಪ ಬೊಗಸೆಯೊಡ್ಡಿ ಕುಡಿದ. ಅದೇ ಮನೆಯಲ್ಲಿ ಮಗಳಿಗೆ ಸ್ಟೀಲ್ ಲೋಟ ಕೈಗೇ ಬರುತ್ತಿತ್ತು.

ಅವಳು ಇಳಿದು ಹೋಗಿ ಅಪ್ಪನ ಪಕ್ಕ ಬಗ್ಗಿ ಬೊಗಸೆಯೊಡ್ಡಿದಳು.

"ನಂಗೂ ಹಿಂಗ ಹಾಕ್ರಿ, ಅವ್ವಾರ. ಇಂವ ನಮ್ಮಪ್ಪ. ಮ್ಯಾಲ ಬೆಂದದ್ದು ಬೆಲ್ಲ ಅಲ್ಲ, ಹಂದಿ."

ತಂಬಿಗೆ ಅಲ್ಲೇ ನಿಂತಿತು. ಮರಿಲಿಂಗಪ್ಪ ತಲೆ ಎತ್ತಲಿಲ್ಲ. ತನ್ನಿಂದ ಮಗಳ ಮನೆ ಹೋಯಿತಲ್ಲ ಎಂದು, ಆ ಹಿತ್ತಿಲಲ್ಲಿ ನಾಚಿಕೊಂಡವನು ಅವನೊಬ್ಬನೇ.