ಅಮ್ಮನ ಮಂಚದ ಗ್ಯಾಸ್ ಸ್ಪ್ರಿಂಗ್

ಕೈಬಿಟ್ಟದ್ದೇ ತಡ, ಮಂಚದ ಹಲಗೆ ಮೇಲಕ್ಕೆ ಹಾರಿತು.

“ಅಕ್ಕಾ, ಇದು ಮಂಚವಾ ಮೊಸಳೆಯಾ?” ಬಾಗಿಲಿಗೆ ಒರಗಿದ್ದ ತಮ್ಮ ಕೇಳಿದ.

“ಬಾಯೊಳಗೆ ತಲೆ ಇಡು, ಗೊತ್ತಾಗುತ್ತೆ.”

ಅವಳು ಪೀಠೋಪಕರಣ ಕಾರ್ಖಾನೆಯಲ್ಲಿ ಫಿಟ್ಟರ್. ಪೆಟ್ಟಿಗೆಮಂಚಗಳಿಗೆ ಗ್ಯಾಸ್ ಸ್ಪ್ರಿಂಗ್ ಕೂರಿಸುವುದೇ ಅವಳ ಹೊಟ್ಟೆಪಾಡು. ಅನಿಲ ತುಂಬಿದ ಕೊಳವೆ ಆ ಪಕ್ಕಕ್ಕೊಂದು, ಈ ಪಕ್ಕಕ್ಕೊಂದು. ಹಾಸಿಗೆ ಸಮೇತ ಹಲಗೆಯನ್ನು ಅವೇ ಎತ್ತಿಕೊಡುತ್ತವೆ. ಬಿದ್ದು ಹೆಗಲು ಮುರಿದುಕೊಂಡ ಮೇಲೆ ಅಮ್ಮನ ಬಲಗೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಮಂಚದೊಳಗಿನ ಒಳಬಟ್ಟೆ ಬೇಕಾದರೂ ಮಗನನ್ನು ಕೂಗಬೇಕಿತ್ತು. “ಒಂದು ಕೈಲಿ ನಾನೇ ತೆಗೆಯೋ ಹಾಗೆ ಮಾಡಿಕೊಡೇ,” ಎಂದಷ್ಟೇ ಅಮ್ಮ ಕೇಳಿದ್ದಳು.

ತೂಕವನ್ನೆಲ್ಲ ಲೆಕ್ಕ ಹಾಕಿಯೇ ತೂತು ಕೊರೆದಿದ್ದಳು. ಆದರೂ ಹಾರುತ್ತಿದೆ. ಹಲ್ಲು ಕಚ್ಚಿ, ಸ್ಪ್ರಿಂಗ್ ಹಿಡಿದಿದ್ದ ಬ್ರಾಕೆಟ್ ಬಿಚ್ಚಿ, ಎತ್ತುವ ಬಲ ಕಡಿಮೆಯಾಗಲೆಂದು ಕೀಲಿನ ಹತ್ತಿರಕ್ಕೆ ಸರಿಸಿ ಬಿಗಿದಳು. ಹಲಗೆ ತೆಪ್ಪಗೆ ಕೂತಿತು. “ಮುಗೀತು,” ಎಂದು ಕೈತೊಳೆಯಲು ಹೋದಳು.

ವಾಪಸ್ ಬಂದಾಗ ಅಮ್ಮ ಎಡಗೈಯಲ್ಲಿ ಎಳೆದು ಎಳೆದು ಸುಸ್ತಾಗಿದ್ದಳು. ಹಲಗೆ ಅಲುಗಲೂ ಇಲ್ಲ.

“ಬೇರು ಬಿಟ್ಟಿದೆ,” ಎಂದ ತಮ್ಮ.

“ನೀನೊಬ್ಬ ಬಾಯಿ ಮುಚ್ಚು!”

ಮತ್ತೆ ಬಿಚ್ಚಿ, ಬ್ರಾಕೆಟ್ ಹಳೇ ತೂತಿಗೇ ತಂದಳು. ಉದ್ದದ ಸ್ಕ್ರೂ ತರಲು ಹೊರಗೆ ಹೋಗಿಬಂದು ಬಗ್ಗಿದರೆ, ಹಲಗೆ ಹಾರಿ ಗದ್ದಕ್ಕೇ ಬಡಿಯಿತು.

ಗದ್ದ ಹಿಡಿದುಕೊಂಡು ಸುತ್ತ ನೋಡಿದಳು. ಬೀರುವಿನ ಹಿಂದೆ ಅಮ್ಮನ ದಪ್ಪ ಹತ್ತಿ ಹಾಸಿಗೆ ಸುರುಳಿ ಸುತ್ತಿ ನಿಂತಿತ್ತು. ಮಂಚದ ಮೇಲಿನ ಚಾದರ ಎಳೆದಳು. ಅಡಿಯಲ್ಲಿ ತೆಳು ಸ್ಪಂಜಿನ ಹಾಸಿಗೆಯೊಂದೇ.

“ಇದನ್ನ ತೆಗೆದಿದ್ದು ಯಾರು?”

ತಮ್ಮ ಸೂರು ನೋಡಿದ.

“ನಾನೇ ಇವನ ಕೈಲಿ ತೆಗೆಸಿದೆ,” ಎಂದಳು ಅಮ್ಮ. “ಭಾರ ಎತ್ತಿ ಎತ್ತಿ ಸಾಯ್ತಿದ್ದೀಯಲ್ಲ ಅಂತ. ನೀನು ಮುಗೀತು ಅಂದಾಗ ಹಾಕಿಸಿದ್ದೆ. ನೀನು ಮತ್ತೆ ಬಿಚ್ಚೋಕೆ ಕೂತೆ, ಸ್ಕ್ರೂ ತರೋಕೆ ಹೋದಾಗ ಮತ್ತೆ ತೆಗೆಸಿದೆ.”

“ಅಮ್ಮಾ! ಆ ಭಾರಕ್ಕೇ ಅಲ್ವಾ ನಾನು ಸ್ಪ್ರಿಂಗ್ ಹೊಂದಿಸ್ತಿರೋದು?”

“ನನಗೇನು ಗೊತ್ತು? ಉಪಕಾರ ಮಾಡೋಕೆ ಹೋದ್ರೆ ಬೈಸ್ಕೋಬೇಕು.”

ಮೊದಲು ಕೊರೆದ ತೂತೇ ಸರಿಯಾಗಿತ್ತು. ಹಾಸಿಗೆ ಹಾಕಿದರು. ಅಮ್ಮ ಎಡಗೈಯಲ್ಲಿ ಹಿಡಿದೆಳೆದಳು. ಹಲಗೆ ಉಸ್ಸೆಂದು ತಾನಾಗಿಯೇ ಎದ್ದು ನಿಂತಿತು. ಅಮ್ಮ ಒಳಗೆ ಇಣುಕಿದಳು, ಮುಚ್ಚಿದಳು. ಮುಖದಲ್ಲಿ ಏನೂ ತೋರಲಿಲ್ಲ.

“ಈಗ ಇಬ್ಬರೂ ಆಚೆ ನಡೀರಿ,” ಎಂದು ಬಾಗಿಲು ಹಾಕಿ ಚಿಲಕ ಜಡಿದಳು.

ಒಳಗಿನಿಂದ ಉಸ್ಸ್, ಧಡ್. ಮತ್ತೆ ಉಸ್ಸ್, ಧಡ್.

ಫಿಟ್ಟರ್ ಜೇಬು ಮುಟ್ಟಿ ನೋಡಿಕೊಂಡು ಬಾಗಿಲು ಬಡಿದಳು. “ಅಮ್ಮಾ, ನನ್ನ ಸ್ಪ್ಯಾನರ್ ಮಂಚದೊಳಗೇ ಉಳೀತು. ಬಾಗಿಲು ತೆಗೀ.”

“ನೀನು ಬರಬೇಡ. ನಾನೇ ತೆಗೆದುಕೊಡ್ತೀನಿ, ಅಲ್ಲೇ ನಿಂತಿರು.”

ಒಳಗೆ ಮತ್ತೆ ಉಸ್ಸ್, ಧಡ್. ಅವಳು ನಿಂತೇ ಇದ್ದಳು.